ಇಪ್ಪತ್ತರೊಳಗೆ ಉಳಿದುಕೊಂಡ ಪಕಾರ

ಹೆಬ್ಬಾಳದ ಬಸ್ಸಿನಲ್ಲಿ ಕಂಡಕ್ಟರ್ ಹತ್ತರ ನೋಟು ಎಣಿಸುತ್ತಿದ್ದರು: 'ಹತ್ತು, ಇಪ್ಪತ್ತು, ಮೂವತ್ತು...' ಪಕ್ಕದ ಸೀಟಿನ ಹಿರಿಯರೊಬ್ಬರು, "ಹತ್ತು ನಮ್ಮದು. ಇಪ್ಪತ್ತು ಮಾತ್ರ ತಮಿಳಿಂದ ಬಂದಿದ್ದು, ಅವರು ಪತ್ತು ಅಂತಾರಲ್ಲ!" ಎಂದರು. ಈ ಮಾತು ಕೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಪತ್ತು ಕೂಡ ನಮ್ಮದೇ ಸ್ವಾಮಿ!

ಹಳಗನ್ನಡದಲ್ಲಿ ಹಾಲು ಪಾಲ್, ಹುಲಿ ಪುಲಿ, ಹತ್ತು ಪತ್ತು. ಸುಮಾರು 10ನೇ ಶತಮಾನದಿಂದೀಚೆಗೆ ಪದದ ಮೊದಲಿನ ಪ ಹಕಾರಕ್ಕೆ ತಿರುಗತೊಡಗಿತು. ಪ ಅನ್ನಲು ತುಟಿ ಕೂಡಬೇಕು. ಸಡಿಲವಾಗಿ ಕೂಡಿದರೆ ಉಳಿಯುವುದು ಬರೀ ಉಸಿರು, ಅದೇ ಹ. ಚಿಲಕ ಹಾಕದ ಬಾಗಿಲು ಗಾಳಿಗೆ ತೆರೆದುಕೊಂಡಂತೆ. ಆದರೆ ಒತ್ತಿ ಹೇಳುವ 'ಪ್ಪ'ದಲ್ಲಿ ತುಟಿ ಹೆಚ್ಚು ಹೊತ್ತು ಮುಚ್ಚಿರುತ್ತದೆ. ಅದು ಬೀಗ ಜಡಿದ ಬಾಗಿಲು. ಬಿಸಿಲಿಗೆ ರೇಷ್ಮೆ ಸೀರೆಯ ಹೊರಮಡಿಕೆ ಮಾಸುತ್ತದೆ, ಒಳಮಡಿಕೆಯ ಬಣ್ಣ ಹಾಗೇ ಇರುತ್ತದೆ. ಎರಡು ಪತ್ತು ಸೇರಿ ಆದ ಇಪ್ಪತ್ತು ಅಂಥ ಒಳಮಡಿಕೆ. ಸ್ವರಗಳ ನಡುವೆ ಸಿಕ್ಕ ಪ ಐವತ್ತರಲ್ಲಿ ವ ಆಯಿತು, ಅನುನಾಸಿಕದ ಪಕ್ಕ ಕೂತದ್ದು ಎಂಬತ್ತರಲ್ಲಿ ಬ ಆಯಿತು.

ಅಜ್ಜಿ ಶನಿವಾರ "ಇವತ್ತು ಒಪ್ಪೊತ್ತು ಕಣೋ" ಅಂದು ರಾತ್ರಿ ಊಟ ಬಿಡುತ್ತಿದ್ದಳು. ಒಂದು ಪೊತ್ತು, ಅಂದರೆ ಒಂದೇ ಹೊತ್ತಿನ ಊಟ. ಹಳೆಯ ಪನಿ, ಅಂದರೆ ಹನಿ, ಕಣ್ಣಿಗೆ ಸೇರಿದರೆ ಕಂಬನಿ; ಹಳೆಯ ಪಾವು, ಅಂದರೆ ಹಾವು, ದೊಡ್ಡದಾದರೆ ಹೆಬ್ಬಾವು. ಇಲ್ಲೂ ಪ ಬ ಆಗಿ ಒಳಗೇ ಉಳಿದಿದೆ.

ಜಪಾನೀ ಭಾಷೆಯಲ್ಲೂ ಹಳೆಯ ಪ ಹೀಗೇ ಹ ಆಗಿದೆ. ಅಲ್ಲಿ ನೂರಕ್ಕೆ ಹ್ಯಕು, ಆರುನೂರಕ್ಕೆ ರೊಪ್ಪ್ಯಕು! ನಮಗೂ ಅವರಿಗೂ ನಂಟಿಲ್ಲ, ತುಟಿಗಳ ಸ್ವಭಾವ ಮಾತ್ರ ಒಂದೇ. ಇದನ್ನು ಮೊದಲು ತಿಳಿದ ದಿನ ಖುಷಿಗೆ ನನಗೆ ನಿದ್ದೆ ಬರಲಿಲ್ಲ.

ಬಸ್ಸು ಹೋಗುತ್ತಿದ್ದ ಊರಿನ ಹೆಸರೇ ಇದಕ್ಕೆ ಸಾಕ್ಷಿ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದ್ದು. ಅದರಲ್ಲಿ ಈ ಸೀಮೆಯ ಹೆಸರು ಪೆರ್ಬೊಳಲ್ ನಾಡು. ಪೆರ್ ಅಂದರೆ ದೊಡ್ಡ, ಪೊಳಲ್ ಅಂದರೆ ಪಟ್ಟಣ. ಒಂದೇ ಹೆಸರಲ್ಲಿ ಎರಡು ಪಕಾರ. ಒಳಗಿನದು ಕಲ್ಲು ಕೆತ್ತುವ ಹೊತ್ತಿಗೇ ಬ ಆಗಿ ಉಳಿದುಕೊಂಡಿತ್ತು. ಮೊದಲಿನದು ಆಮೇಲೆ ಹ ಆಯಿತು.

ನಾನು ಇಳಿಯುವಾಗ ಹಿರಿಯರು ತುಟಿಗೆ ಬೆರಳಿಟ್ಟು ಮೆಲ್ಲಗೆ ಎಣಿಸುತ್ತಿದ್ದರು: "ಅರವತ್ತು, ಎಪ್ಪತ್ತು, ಎಂಬತ್ತು..."