1927ರಲ್ಲಿ ಮಹಿಳೆಯರ ದೋಣಿಗಳು ಅಕ್ಕಪಕ್ಕ ಏಕೆ ಓಡಲಿಲ್ಲ?

ಪ್ರಶ್ನೆ: ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್ ಮಹಿಳೆಯರ ಮೊದಲ ದೋಣಿ ಸ್ಪರ್ಧೆಯಲ್ಲಿ ಎರಡು ತಂಡಗಳೂ ಒಟ್ಟಿಗೆ ನೀರಿಗೇ ಇಳಿಯಲಿಲ್ಲವಂತೆ. ಹಾಗಾದರೆ ಗೆದ್ದವರು ಯಾರೆಂದು ತೀರ್ಮಾನಿಸಿದ್ದು ಹೇಗೆ?

ಇಳಿಯಲಿಲ್ಲ ಎನ್ನುವುದಕ್ಕಿಂತ ಇಳಿಯಲು ಬಿಡಲಿಲ್ಲ ಎನ್ನುವುದು ಸರಿ. ಹೆಣ್ಣುಮಕ್ಕಳು ಪೈಪೋಟಿಗೆ ಬಿದ್ದು ಏದುಸಿರು ಬಿಡುವುದು ಮರ್ಯಾದೆಯಲ್ಲ, ಮೈಗೂ ಕೇಡು ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಹೀಗಾಗಿ 1927ರ ಮಾರ್ಚ್ 15ರಂದು ಆಕ್ಸ್‌ಫರ್ಡ್‌ನಲ್ಲಿ, ಐಸಿಸ್ ಎಂದು ಕರೆಯುವ ಥೇಮ್ಸ್ ನದಿಯ ಭಾಗದಲ್ಲಿ, ರಾಜಿಸೂತ್ರವೊಂದನ್ನು ಪಾಲಿಸಲಾಯಿತು. ಒಂದು ತಂಡದ ಸರದಿ ಮುಗಿದ ಮೇಲೆ ಇನ್ನೊಂದು. ಹರಿವಿನ ದಿಕ್ಕಿನಲ್ಲಿ ಸಾಗುವಾಗ ಶೈಲಿಗೆ ಅಂಕ. ಹರಿವಿಗೆ ಎದುರಾಗಿ ಮರಳುವಾಗ ಗಡಿಯಾರ ಹಿಡಿದು ವೇಗದ ಲೆಕ್ಕ.

ಶೈಲಿ ಎಂದರೆ ಬರೀ ಸೊಗಸಲ್ಲ. ಎಂಟು ಮಂದಿ ದೋಣಿ ಸಾಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತಿರುತ್ತಾರೆ; ಮುಂದೇನಿದೆ ಎಂಬುದು ಚುಕ್ಕಾಣಿ ಹಿಡಿದವಳಿಗೆ ಮಾತ್ರ ಕಾಣುತ್ತದೆ. ಎಂಟು ಹುಟ್ಟುಗಳೂ ಒಂದೇ ಕ್ಷಣಕ್ಕೆ ನೀರು ಕಚ್ಚಬೇಕು, ಒಂದೇ ಕ್ಷಣಕ್ಕೆ ಮೇಲೇಳಬೇಕು. ಒಬ್ಬಳ ಹುಟ್ಟು ಚೂರು ತಡವಾದರೂ ದೋಣಿ ವಾಲಿ ಓಟ ಕುಗ್ಗುತ್ತದೆ. ಎಂದರೆ, ಒಳ್ಳೆಯ ಶೈಲಿಯೇ ವೇಗದ ತಾಯಿ. ಎರಡನ್ನೂ ಬೇರೆ ಮಾಡಿ ಅಳೆದ ಆ ಏರ್ಪಾಟು ಆಟಕ್ಕೇ ಮಾಡಿದ ಅನ್ಯಾಯವೆಂದು ನನಗೆ ಅನ್ನಿಸುತ್ತದೆ. ಕೊನೆಗೂ ಗಡಿಯಾರದ ಲೆಕ್ಕದಲ್ಲೇ ಗೆಲುವು ಆಕ್ಸ್‌ಫರ್ಡಿನ ಪಾಲಾಯಿತು.

ಅಂದು ಕೇಂಬ್ರಿಡ್ಜ್ ಪರವಾಗಿ ಹುಟ್ಟು ಹಾಕಿದ್ದು ನ್ಯೂನಮ್ ಎಂಬ ಮಹಿಳಾ ಕಾಲೇಜಿನ ತಂಡ. 1871ರಲ್ಲಿ ಆರಂಭವಾದ ಈ ಕಾಲೇಜಿನಲ್ಲಿ 1893ರಲ್ಲೇ ದೋಣಿ ಕ್ಲಬ್ ಹುಟ್ಟಿತ್ತು. ಕೇಂಬ್ರಿಡ್ಜ್‌ನ ಮಹಿಳೆಯರ ಮೊದಲ ದೋಣಿ ಕ್ಲಬ್ ಅದು. ಆದರೆ ಯಾವ ವಿಶ್ವವಿದ್ಯಾಲಯದ ಹೆಸರಿಗಾಗಿ ಈ ಹುಡುಗಿಯರು ಬೆವರು ಸುರಿಸಿದರೋ, ಅದು ಅವರನ್ನು ಪೂರ್ಣ ಸದಸ್ಯರೆಂದೇ ಒಪ್ಪಿರಲಿಲ್ಲ. 1897ರಲ್ಲಿ ಮಹಿಳೆಯರಿಗೂ ಪದವಿ ಕೊಡಬೇಕೆಂಬ ಬೇಡಿಕೆ ಮತಕ್ಕೆ ಬಂದು ಬಿದ್ದುಹೋಯಿತು. 1921ರಲ್ಲಿ ಮತ್ತೆ ಸೋತಾಗ ಗಂಡು ವಿದ್ಯಾರ್ಥಿಗಳ ಗುಂಪು ನ್ಯೂನಮ್‌ನ ಕಂಚಿನ ಗೇಟುಗಳನ್ನು ಜಖಂಗೊಳಿಸಿತು. ಆಕ್ಸ್‌ಫರ್ಡ್ 1920ರಲ್ಲೇ ಮಹಿಳೆಯರಿಗೆ ಪದವಿ ಕೊಡತೊಡಗಿತ್ತು. ಕೇಂಬ್ರಿಡ್ಜ್‌ನಲ್ಲಿ ಅದಕ್ಕೆ 1948 ಬರಬೇಕಾಯಿತು. ಎದುರಾಳಿ ದೋಣಿಯಲ್ಲಿದ್ದವರಿಗೆ ಸಿಗುವ ಪದವಿ ತಮಗಿಲ್ಲ ಎಂದು ತಿಳಿದೂ ನ್ಯೂನಮ್‌ನವರು ಆಕ್ಸ್‌ಫರ್ಡಿಗೆ ಹೋಗಿ ಸ್ಪರ್ಧಿಸಿದ್ದರು. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಶೈಲಿಗೆ ಅಂಕ ಕೊಡುವ ಪದ್ಧತಿ 1930ರ ದಶಕದ ನಡುವೆ ಹಿಂದೆ ಸರಿಯಿತು. 1941ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಮಹಿಳಾ ದೋಣಿ ಕ್ಲಬ್ ಸ್ಥಾಪನೆಯಾಗುವವರೆಗೂ ಕೇಂಬ್ರಿಡ್ಜ್ ಪರ ಸ್ಪರ್ಧಿಸುವ ಹೊಣೆಯನ್ನು ನ್ಯೂನಮ್ ಒಂದೇ ಹೊತ್ತಿತು. ಸ್ಪರ್ಧೆ ನಡುವೆ ಕೆಲವು ವರ್ಷ ನಿಂತು 1964ರಲ್ಲಿ ಮತ್ತೆ ಆರಂಭವಾಯಿತು. 1977ರಿಂದ ಥೇಮ್ಸ್ ದಡದ ಹೆನ್ಲಿ ಪಟ್ಟಣದಲ್ಲಿ ನಡೆಯಿತು. ಲಂಡನ್ನಿನ ಥೇಮ್ಸ್‌ನಲ್ಲಿ ಪುರುಷರು ಸೆಣಸುವ ಅದೇ 6.8 ಕಿಲೋಮೀಟರ್ ಹಾದಿ, ಅದೇ ದಿನ ಮಹಿಳೆಯರಿಗೂ ದಕ್ಕಿದ್ದು 2015ರ ಏಪ್ರಿಲ್ 11ರಂದು. ಪುರುಷರ ಸ್ಪರ್ಧೆ ಶುರುವಾದದ್ದು 1829ರಲ್ಲಿ.