‘ಸಹಬಾಳ್ವೆ’ ಎಂಬ ಮಾತು ಸವೆದದ್ದು ಹೇಗೆ

ಹೀಬ್ರೂವಿನಲ್ಲಿ ಸಹಬಾಳ್ವೆಗೆ ‘ದು-ಕಿಯುಮ್’ ಎನ್ನುತ್ತಾರೆ. ಇಸ್ರೇಲ್‌ನಲ್ಲಿ ಯಹೂದಿ–ಅರಬ್ ಸಂಘಟನೆಗಳಲ್ಲಿ ದುಡಿಯುವವರೇ ಇಂದು ಈ ಪದವನ್ನು ಬಳಸಲು ಹಿಂಜರಿಯುತ್ತಾರೆ. ಒಟ್ಟಿಗೆ ಕೂತು ಹಮ್ಮಸ್ (ಅರೆದ ಕಡಲೆಯ ಚಟ್ನಿ) ತಿಂದು, ಫೋಟೊ ತೆಗೆಸಿಕೊಂಡು, ಸಂಜೆ ಅವರವರ ಊರಿಗೆ ಹೋಗುವ ಕಾರ್ಯಕ್ರಮ ಎಂಬ ಅರ್ಥ ಅದಕ್ಕೆ ಅಂಟಿಬಿಟ್ಟಿದೆ. ಅವರು ಈಗ ಹೇಳುವುದು ‘ಹೆವ್ರಾ ಮೆಶುತೆಫೆತ್’, ಅಂದರೆ ಹಂಚಿಕೊಂಡ ಸಮಾಜ. ಪದ ಬದಲಾಗಲು ಸುಮಾರು ಎಂಬತ್ತು ವರ್ಷ ಹಿಡಿಯಿತು.

ಈ ಪ್ರಯತ್ನ ಶುರುವಾದದ್ದು 1925ರಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿದ್ದ ಜೆರುಸಲೇಮಿನಲ್ಲಿ. ಆರ್ಥರ್ ರುಪ್ಪಿನ್, ಗೆರ್ಶೋಮ್ ಶೋಲೆಮ್, ಹ್ಯೂಗೋ ಬೆರ್ಗ್‌ಮನ್ ಮುಂತಾದವರು ‘ಬ್ರಿತ್ ಶಾಲೋಮ್’ (ಶಾಂತಿಯ ಒಡಂಬಡಿಕೆ) ಎಂಬ ಸಂಘ ಕಟ್ಟಿದರು. ಎರಡೂ ಜನಾಂಗಗಳಿಗೆ ಸಮಪಾಲಿರುವ ಒಂದೇ ದೇಶ ಅವರ ಕನಸಾಗಿತ್ತು. ಆದರೆ ಸದಸ್ಯರೆಲ್ಲ ಯಹೂದಿಗಳು, ಹಲವರು ವಿದ್ವಾಂಸರು. ಎದುರು ಪಕ್ಷದವರಿಲ್ಲದೆ ನಡೆದ ಮಾತುಕತೆ ಅದು. 1942ರಲ್ಲಿ ಜೂಡಾ ಮ್ಯಾಗ್ನೆಸ್, ಮಾರ್ಟಿನ್ ಬೂಬರ್ ‘ಇಹುದ್’ ಹೆಸರಿನಲ್ಲಿ ಅದೇ ವಿಚಾರಕ್ಕೆ ಮತ್ತೆ ಜೀವ ತುಂಬಲು ನೋಡಿದರು. ಇಸ್ರೇಲ್ ಹುಟ್ಟಿದ 1948ರ ಯುದ್ಧ ಎಲ್ಲವನ್ನೂ ಮುಳುಗಿಸಿತು.

ಯುದ್ಧದ ಬಳಿಕ ಇಸ್ರೇಲಿನೊಳಗೆ ಉಳಿದ ಅರಬ್ಬರಿಗೆ ಪೌರತ್ವವೇನೋ ಸಿಕ್ಕಿತು. ಆದರೆ 1966ರವರೆಗೆ ಅವರ ಮೇಲೆ ಮಿಲಿಟರಿ ಆಡಳಿತವಿತ್ತು. ಊರು ಬಿಟ್ಟು ಹೋಗಲು ಪರವಾನಗಿ ಬೇಕಿತ್ತು. ಗಿವತ್ ಹವೀವಾದ ಯಹೂದಿ–ಅರಬ್ ಕೇಂದ್ರ, ಹೈಫಾ ನಗರದ ಅಂಥದೇ ಕೇಂದ್ರ ‘ಬೈತ್ ಹಗೆಫೆನ್’ ಎರಡೂ ಹುಟ್ಟಿದ್ದು 1963ರಲ್ಲಿ. ಒಂದು ಕಡೆಯವರು ಪರವಾನಗಿ ಚೀಟಿ ಹಿಡಿದು ಓಡಾಡುತ್ತಿದ್ದ ಕಾಲದ ಸ್ನೇಹಕೂಟಗಳು ಇವು. ಆ ಮೂಲದ ಅಸಮಾನತೆ ಈ ಇಡೀ ಕ್ಷೇತ್ರವನ್ನು ಇನ್ನೂ ಬಿಟ್ಟಿಲ್ಲ.

ಒಟ್ಟಿಗೇ ಬದುಕಿ ನೋಡೋಣ ಎಂದು ಹೊರಟವರೂ ಇದ್ದರು. ಕೈರೋದ ಯಹೂದಿ ಮನೆತನದಲ್ಲಿ ಹುಟ್ಟಿ ಕ್ರೈಸ್ತ ಪಾದ್ರಿಯಾದ ಬ್ರೂನೋ ಹುಸ್ಸಾರ್, ಲತ್ರೂನ್ ಮಠದಿಂದ ಗುತ್ತಿಗೆಗೆ ಪಡೆದ ಗುಡ್ಡದಲ್ಲಿ ‘ನೆವೆ ಶಾಲೋಮ್–ವಾಹತ್ ಅಸ್ಸಲಾಮ್’ (ಹೀಬ್ರೂ, ಅರೇಬಿಕ್‌ಗಳಲ್ಲಿ ‘ಶಾಂತಿಯ ಓಯಸಿಸ್’) ಎಂಬ ಊರು ಕಟ್ಟಿದರು. 1970ರ ದಶಕದ ಕೊನೆಗೆ ಮೊದಲ ಕುಟುಂಬಗಳು ಬಂದವು; 1979ರಲ್ಲಿ ‘ಶಾಂತಿ ಶಾಲೆ’ ತೆರೆಯಿತು. ಇಲ್ಲಿನ ಗುಂಪು ಸಂವಾದಕ್ಕೆ ಇಬ್ಬರು ನಿರ್ವಾಹಕರು, ಒಬ್ಬ ಯಹೂದಿ, ಒಬ್ಬ ಅರಬ್. ನಡುನಡುವೆ ಎರಡೂ ಕಡೆಯವರು ಬೇರೆ ಬೇರೆ ಕೋಣೆಗಳಲ್ಲಿ ತಮ್ಮತಮ್ಮಲ್ಲೇ ಮಾತಾಡಿ ಮರಳುತ್ತಾರೆ. ‘ನೀನೂ ನನ್ನಂತೆಯೇ ಮನುಷ್ಯ’ ಎಂಬಲ್ಲಿಗೆ ನಿಂತ ಭೇಟಿಗಳು ಮನಸ್ಸಿಗೆ ಹಿತವಾದರೂ ಹೊರಗಿನ ಅಸಮಾನತೆಯನ್ನು ಮುಟ್ಟುವುದಿಲ್ಲ ಎಂದು ಕಂಡ ಮೇಲೆ, ವ್ಯಕ್ತಿ–ವ್ಯಕ್ತಿಯ ಭೇಟಿ ಬಿಟ್ಟು ಗುಂಪು–ಗುಂಪಿನ ಮುಖಾಮುಖಿಗೆ ಅವರು ಹೊರಳಿದರು. ಅಲ್ಲಿ ಜಗಳ ಜಾಸ್ತಿ. ಅದೇ ಬೇಕಾದದ್ದೂ ಹೌದು.

ಎಲ್ಲರ ಕಣ್ಣು ತೆರೆಸಿದ್ದು 2000ದ ಅಕ್ಟೋಬರ್. ಇಸ್ರೇಲಿನೊಳಗಿನ ಅರಬ್ಬರ ಪ್ರತಿಭಟನೆಯಲ್ಲಿ ಪೊಲೀಸರಿಂದ 13 ಮಂದಿ ಸತ್ತರು. ಅವರಲ್ಲಿ 12 ಮಂದಿ ಇಸ್ರೇಲಿ ಪ್ರಜೆಗಳು. ಅರಬ್ ಸಮುದಾಯವನ್ನು ಸರ್ಕಾರ ಕಡೆಗಣಿಸಿದೆ, ತಾರತಮ್ಯ ಮಾಡಿದೆ ಎಂದು ಇದರ ತನಿಖೆ ನಡೆಸಿದ ಓರ್ ಆಯೋಗ 2003ರಲ್ಲಿ ಬರೆಯಿತು. ದಶಕಗಳ ಸ್ನೇಹಕೂಟಗಳು ಇದನ್ನು ತಡೆಯಲಾಗಲಿಲ್ಲ ಎಂಬುದು ಸಂಘಟನೆಗಳಿಗೆ ಚುಚ್ಚಿತು. ಸಮಾನತೆಗಾಗಿ 1991ರಲ್ಲಿ ಹುಟ್ಟಿದ್ದ ‘ಸಿಕ್ಕುಯಿ’ಯಂಥ ಸಂಘಟನೆಗಳು ಹಿಡಿದ ದಾರಿ ಮುಖ್ಯವಾಯಿತು: ಅರಬ್ ಊರಿಗೆ ಬಸ್ಸು ಬರುತ್ತದೆಯೇ, ಬಜೆಟ್‌ನಲ್ಲಿ ಪಾಲೆಷ್ಟು ಎಂದು ಲೆಕ್ಕ ಕೇಳುವುದು. ‘ಸಿಕ್ಕುಯಿ’ 2021ರಲ್ಲಿ ಹೆಸರು ಬದಲಿಸಿಕೊಂಡು ‘ಸಿಕ್ಕುಯಿ–ಔಫೊಕ್’ ಆಯಿತು.

ಸಮಾನತೆ ಎಂಬ ಮಾತು ಎಷ್ಟು ಕಷ್ಟದ್ದು ಎಂದು ನೋಡಬೇಕಾದರೆ ತರಗತಿಯೊಳಗೆ ಹೋಗಬೇಕು. ಇಸ್ರೇಲಿನಲ್ಲಿ ಹೀಬ್ರೂ ಶಾಲೆಗಳು ಬೇರೆ, ಅರೇಬಿಕ್ ಶಾಲೆಗಳು ಬೇರೆ; ಬಹುಪಾಲು ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವುದೇ ಇಲ್ಲ. 1997ರಲ್ಲಿ ಅಮೀನ್ ಖಲಫ್, ಲೀ ಗಾರ್ಡನ್ ಸೇರಿ ಎರಡೂ ಕಡೆಯ ಮಕ್ಕಳು ಒಟ್ಟಿಗೆ ಎರಡು ಭಾಷೆಗಳಲ್ಲಿ ಕಲಿಯುವ ಶಾಲೆಗಳಿಗಾಗಿ ‘ಹ್ಯಾಂಡ್ ಇನ್ ಹ್ಯಾಂಡ್’ ಸಂಸ್ಥೆ ಆರಂಭಿಸಿದರು. ಮರುವರ್ಷ ಜೆರುಸಲೇಮ್ ಮತ್ತು ಗಲಿಲೀಯಲ್ಲಿ ತರಗತಿ ಶುರು. ಚಿಕ್ಕ ತರಗತಿಗೆ ಇಬ್ಬರು ಟೀಚರ್, ಒಬ್ಬರು ಯಹೂದಿ, ಒಬ್ಬರು ಅರಬ್. ಪ್ರತಿಯೊಬ್ಬರೂ ತಮ್ಮ ಭಾಷೆಯಲ್ಲೇ ಮಾತಾಡುತ್ತಾರೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅನುವಾದಿಸಬಾರದು. ಅನುವಾದ ಬರುತ್ತದೆಂದು ಗೊತ್ತಾದರೆ ಮಗು ಕಿವಿಗೊಡುವುದನ್ನೇ ನಿಲ್ಲಿಸುತ್ತದೆ.

ಇಷ್ಟಾದರೂ ಹೀಬ್ರೂ ಗೆಲ್ಲುತ್ತದೆ. ಅರಬ್ ಮಕ್ಕಳು ಎರಡೂ ಭಾಷೆ ಕಲಿಯುತ್ತಾರೆ. ಯಹೂದಿ ಮಕ್ಕಳಿಗೆ ಅರೇಬಿಕ್ ಅರ್ಥವಾದರೂ ಉತ್ತರ ಬರುವುದು ಹೀಬ್ರೂವಿನಲ್ಲಿ. ಇದು ಸೋಮಾರಿತನವಲ್ಲ. ಅಂಗಡಿ, ಆಸ್ಪತ್ರೆ, ವಿಶ್ವವಿದ್ಯಾಲಯ ಎಲ್ಲ ನಡೆಯುವುದು ಹೀಬ್ರೂವಿನಲ್ಲಿ. ಸಾಲದ್ದಕ್ಕೆ ಅರೇಬಿಕ್‌ನ ಆಡುಮಾತೇ ಬೇರೆ, ಬರಹವೇ ಬೇರೆ, ಎರಡನ್ನೂ ಕಲಿಯಬೇಕು. 2018ರ ರಾಷ್ಟ್ರ-ರಾಜ್ಯ ಕಾಯ್ದೆ ಅರೇಬಿಕ್‌ನ ಅಧಿಕೃತ ಭಾಷೆಯ ಸ್ಥಾನವನ್ನೂ ಕಿತ್ತು ‘ವಿಶೇಷ ಸ್ಥಾನ’ ಎಂದಿತು.

ವಸಂತದಲ್ಲಿ ಇನ್ನೊಂದು ಕಗ್ಗಂಟು. ಮಡಿದ ಸೈನಿಕರ ಸ್ಮರಣೆಯ ದಿನ ಬೆಳಿಗ್ಗೆ 11ಕ್ಕೆ ಎರಡು ನಿಮಿಷ ದೇಶವ್ಯಾಪಿ ಸೈರನ್ ಮೊಳಗುತ್ತದೆ. ಯಹೂದಿ ಮಗುವಿನ ಮನೆಯಲ್ಲಿ ಅದು ಶೋಕ, ಮರುದಿನ ಸ್ವಾತಂತ್ರ್ಯೋತ್ಸವ. ಅರಬ್ ಮಗುವಿನ ಮನೆಯಲ್ಲಿ ಅದೇ 1948 ‘ನಕ್ಬಾ’, ಮಹಾವಿಪತ್ತು. ಎಲ್ಲರನ್ನೂ ಎದ್ದು ನಿಲ್ಲಿಸಿದರೂ ತಪ್ಪು, ಸೈರನ್ ಕೇಳದಂತಿದ್ದರೂ ತಪ್ಪು. ಕೆಲಹೊತ್ತು ಮಕ್ಕಳನ್ನು ಬೇರೆ ಬೇರೆ ಕೂರಿಸಿ ಮತ್ತೆ ಒಂದುಗೂಡಿಸುವುದು ಶಾಲೆಗಳು ಕಂಡುಕೊಂಡ ಉಪಾಯಗಳಲ್ಲೊಂದು. ಮುಂದೆ 18 ತುಂಬಿದಾಗ ಯಹೂದಿ ಸಹಪಾಠಿಗೆ ಸೇನೆಯ ಕರೆ ಬರುತ್ತದೆ, ಪಕ್ಕದ ಬೆಂಚಿನ ಅರಬ್ ಗೆಳೆಯನಿಗೆ ಬರುವುದಿಲ್ಲ. ಇದಕ್ಕೆ ಯಾವ ಉಪಾಯವೂ ಇಲ್ಲ.

2014ರ ನವೆಂಬರ್ 29ರಂದು ಜೆರುಸಲೇಮಿನ ‘ಹ್ಯಾಂಡ್ ಇನ್ ಹ್ಯಾಂಡ್’ ಶಾಲೆಯ ಒಂದನೇ ತರಗತಿಗೆ ಬೆಂಕಿ ಬಿತ್ತು. ಗೋಡೆಯ ಮೇಲೆ ‘ಅರಬ್ಬರಿಗೆ ಸಾವು’ ಎಂದು ಬರೆದಿತ್ತು. 2020ರಲ್ಲಿ ನೆವೆ ಶಾಲೋಮ್‌ನ ಶಾಂತಿ ಶಾಲೆಯೂ ಸುಟ್ಟಿತು. 2021ರ ಮೇ ತಿಂಗಳಲ್ಲಿ ಲೋದ್, ಆಕ್ರೆಯಂಥ ಮಿಶ್ರ ನಗರಗಳಲ್ಲೇ ನೆರೆಹೊರೆಯವರು ಬೀದಿಗಿಳಿದು ಹೊಡೆದಾಡಿದರು.

2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಬೇರಿ ಎಂಬ ಕಿಬ್ಬುತ್ಸ್‌ನಲ್ಲಿ (ಸಾಮುದಾಯಿಕ ಹಳ್ಳಿ) ಹತರಾದವರಲ್ಲಿ ಶಾಂತಿ ಕಾರ್ಯಕರ್ತೆ ವಿವಿಯನ್ ಸಿಲ್ವರ್ ಒಬ್ಬರು. ನೆಗೆವ್ ಮರುಭೂಮಿಯ ಬೆದೂಯಿನ್ ಅರಬ್ಬರೊಂದಿಗೆ ದುಡಿಯುವ ‘ಅಜೀಕ್’ ಸಂಸ್ಥೆಯನ್ನು ಅಮಲ್ ಎಲ್‌ಸಾನಾ ಜೊತೆ ಕಟ್ಟಿದವರು ಅವರು. ಮುಂದಿನ ತಿಂಗಳುಗಳಲ್ಲಿ ಗಾಜಾದಲ್ಲಿ ಬಂಧುಗಳನ್ನು ಕಳೆದುಕೊಂಡ ಅರಬ್ ಪ್ರಜೆಗಳಿಗೆ ಬಾಯಿ ಬಿಟ್ಟು ಅಳಲೂ ಭಯ. ಜಾಲತಾಣದ ಒಂದು ಪೋಸ್ಟ್‌ಗೆ ಕೆಲಸ ಹೋದವರು, ಬಂಧನಕ್ಕೊಳಗಾದವರು ಇದ್ದರು.

ಆ ಹೊತ್ತಿನಲ್ಲಿ ರಸ್ತೆಗಿಳಿದದ್ದು ಅಲೋನ್-ಲೀ ಗ್ರೀನ್, ರೂಲಾ ದಾವೂದ್ ಮುನ್ನಡೆಸುವ ಯಹೂದಿ–ಅರಬ್ ಚಳವಳಿ ‘ಸ್ಟ್ಯಾಂಡಿಂಗ್ ಟುಗೆದರ್’. 2024ರ ಮೇನಲ್ಲಿ ಬಲಪಂಥೀಯ ಗುಂಪುಗಳು ವೆಸ್ಟ್ ಬ್ಯಾಂಕ್‌ನಿಂದ ಇಸ್ರೇಲಿಗೆ ಬರುವ ತರ್ಕುಮಿಯಾ ಗಡಿ ದಾಟುಕಟ್ಟೆಯ ಬಳಿ ಗಾಜಾಗೆ ಹೊರಟ ನೆರವಿನ ಲಾರಿಗಳನ್ನು ತಡೆದು ಧಾನ್ಯದ ಮೂಟೆಗಳನ್ನು ರಸ್ತೆಗೆ ಸುರಿದವು. ಇವರ ಯಹೂದಿ, ಅರಬ್ ಕಾರ್ಯಕರ್ತರು ಅಲ್ಲಿಗೆ ಹೋಗಿ ಲಾರಿಗಳಿಗೆ ಕಾವಲು ನಿಂತರು. ಅಲ್ಲಿ ಯಾರೂ ಹಮ್ಮಸ್ ಹಂಚಲಿಲ್ಲ.