ತಂದ ಪುಸ್ತಕ ಅರ್ಧಕ್ಕೇ ನಿಲ್ಲುತ್ತೆ, ಹೇಗೆ ಆರಿಸಲಿ?

ಅರಸೀಕೆರೆಯ ಓದುಗರೊಬ್ಬರ ಪ್ರಶ್ನೆ: "ತಿಂಗಳಿಗೆ ಐನೂರು ರೂಪಾಯಿ ಪುಸ್ತಕಕ್ಕೆ ಅಂತ ಎತ್ತಿಡ್ತೀನಿ. ಆದ್ರೆ ತಂದಿದ್ದರಲ್ಲಿ ಅರ್ಧದಷ್ಟು ಮೂವತ್ತನೇ ಪುಟಕ್ಕೇ ನಿಂತುಹೋಗುತ್ತೆ. ಕೊನೆಗೆ ಪೂರ್ತಿ ಓದಿದ್ದು ಒಂದು ಕಾಡಿನ ಕಥೆ, ಅದೂ ಹೋದ ವರ್ಷ. ನೀವೆಲ್ಲ ಹೇಗೆ ಆರಿಸ್ತೀರಿ?"

ನಾನೂ ಬಹಳ ವರ್ಷ ತಪ್ಪಾಗಿಯೇ ಆರಿಸಿದವನು. 2015ರಲ್ಲಿ ನಮ್ಮ ಶ್ರವಣಬೆಳಗೊಳದಲ್ಲಿ 81ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಅಲ್ಲಿಂದ ಹದಿನಾಲ್ಕು ಪುಸ್ತಕ ಹೊತ್ತು ತಂದೆ. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸುವಾಗ ಚೀಲದ ಕೈ ಕಿತ್ತುಬಂತು, ಅಲ್ಲೇ ಒಬ್ಬ ಹೂವಿನವಳ ಹತ್ತಿರ ದಾರ ಇಸ್ಕೊಂಡು ಕಟ್ಟಿದೆ. ಮನೆಗೆ ಬಂದು ಹರಡಿದರೆ ಹೆಂಡತಿ ಒಂದನ್ನು ಎತ್ತಿ ನೋಡಿ, "ಇದು ಮನೇಲಿದೆಯಲ್ರೀ" ಅಂದಳು. ಹೌದು, ಅದೇ ಕಾದಂಬರಿ. ಮುಖಪುಟ ಬೇರೆ ಇತ್ತು ಅಷ್ಟೆ. ರಿಯಾಯಿತಿ ಬೋರ್ಡು ನೋಡಿ, ಬಣ್ಣ ನೋಡಿ, ಪಕ್ಕದವರು ತಗೊಂಡರು ಅಂತ ನಾನೂ ತಗೊಂಡಿದ್ದೆ. ಆ ಹದಿನಾಲ್ಕರಲ್ಲಿ ಓದಿ ಮುಗಿಸಿದ್ದು ಐದು.

ಆ ಐದು ಯಾವುವು ಅಂತ ನೋಡಿದಾಗಲೇ ವಿಷಯ ಹೊಳೆದದ್ದು. ಐದಕ್ಕೂ ನಾನು ಹಿಂದೆ ಇಷ್ಟಪಟ್ಟ ಯಾವುದೋ ಒಂದು ಪುಸ್ತಕದ ಜೊತೆ ನಂಟಿತ್ತು.

ಹಾಗಾಗಿ ನಿಮಗೆ ಹೇಳೋದು ಇಷ್ಟು: ನಿಮ್ಮ ಆ ಕಾಡಿನ ಕಥೆಯನ್ನೇ ಕೇಳಿ. ಅದರಲ್ಲಿ ನಿಮ್ಮನ್ನು ಹಿಡಿದು ಕೂರಿಸಿದ್ದು ಏನು? ಕಾಡೇ ಆಗಿದ್ದರೆ ಕಾದಂಬರಿಯೇ ಬೇಕೆಂದಿಲ್ಲ, ಹಕ್ಕಿ, ಹುಲಿ, ಬೇಟೆ, ಕಾಫಿ ತೋಟದ ಅನುಭವ ಬರೆದ ಪುಸ್ತಕಗಳೂ ಹಿಡಿಸುತ್ತವೆ. ಹೇಳುವ ರೀತಿ, ಆ ತಮಾಷೆ, ಜಗಲಿ ಮೇಲೆ ಕೂತು ಮಾತಾಡಿದಂಥ ಧಾಟಿ ಹಿಡಿಸಿತು ಅಂತಾದರೆ ಕಾಡನ್ನು ಬಿಟ್ಟುಬಿಡಿ, ಅದೇ ಲೇಖಕರ ಇನ್ನೊಂದು ಪುಸ್ತಕ ಹುಡುಕಿ. ಅಥವಾ ಅಧ್ಯಾಯಗಳು ಚಿಕ್ಕವಿದ್ದವು, ರಾತ್ರಿ ಮಲಗುವ ಮುಂಚೆ ಒಂದೊಂದು ಮುಗಿಯುತ್ತಿತ್ತು, ಅಷ್ಟೇ ಕಾರಣ ಇರಬಹುದು. ಇದರಲ್ಲಿ ನಾಚಿಕೆ ಪಡೋದೇನೂ ಇಲ್ಲ, ಆಗ ನಿಮಗೆ ಬೇಕಿರುವುದು ಕಥಾಸಂಕಲನ ಅಥವಾ ಪ್ರಬಂಧ, ಐನೂರು ಪುಟದ ಕಾದಂಬರಿ ಅಲ್ಲ.

ಇನ್ನು ಅಂಗಡಿಯಲ್ಲಿ. ಬೆನ್ನುಡಿ, ಮುನ್ನುಡಿ ಓದಿ ಕೊಳ್ಳಬೇಡಿ. ಅದು ಗಂಡಿನ ಗುಣ ಹೇಗೆ ಅಂತ ಅವನ ಸೋದರಮಾವನನ್ನೇ ವಿಚಾರಿಸಿದ ಹಾಗೆ. ಅದರ ಬದಲು ಮುಖಪುಟ ದಾಟಿದ ಮೇಲೆ ಚಿಕ್ಕ ಅಕ್ಷರದ ಒಂದು ಪುಟ ಇರುತ್ತಲ್ಲ, ಯಾರೂ ಓದಲ್ಲ, ಅದನ್ನು ನೋಡಿ. ಮೊದಲ ಮುದ್ರಣ ಯಾವ ವರ್ಷ, ಇದು ಎಷ್ಟನೇ ಮುದ್ರಣ, ಎಷ್ಟು ಪ್ರತಿ, ಎಷ್ಟು ಪುಟ, ಕಾಗದದ ತೂಕ (70 ಜಿಎಸ್‌ಎಂ), ಪುಸ್ತಕದ ಅಳತೆ (ಡೆಮಿ 1/8) ಅಂತೆಲ್ಲ ಕನ್ನಡ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಮೂವತ್ತು ವರ್ಷದಿಂದ ಮತ್ತೆ ಮತ್ತೆ ಅಚ್ಚಾಗುತ್ತಿದೆ ಅಂದರೆ ಯಾರೋ ಓದುತ್ತಿದ್ದಾರೆ ಅಂತ ಅರ್ಥ. ಆದರೆ "ಆರನೇ ಮುದ್ರಣ" ಅಂತ ಮುಖಪುಟದಲ್ಲೇ ದೊಡ್ಡದಾಗಿ ಕಂಡರೆ ಪ್ರತಿಗಳ ಸಂಖ್ಯೆ ಕೂಡ ನೋಡಿ, ಸಲಕ್ಕೆ ಇನ್ನೂರು ಪ್ರತಿ ಅಚ್ಚುಹಾಕಿದರೂ ಆರು ಮುದ್ರಣವೇ. ನಾನು ಅವತ್ತು ಈ ಪುಟ ನೋಡಿದ್ದರೆ ಒಂದೇ ಪುಸ್ತಕಕ್ಕೆ ಎರಡು ಸಲ ದುಡ್ಡು ಕೊಡುತ್ತಿರಲಿಲ್ಲ.

ಆಮೇಲೆ ಅರವತ್ತನೇ ಪುಟದ ಆಸುಪಾಸಿಗೆ ತೆಗೆದು ಎರಡು ಪುಟ ನಿಂತೇ ಓದಿ. ಮೊದಲ ಪುಟ ಬೇಡ, ಅದನ್ನು ಎಲ್ಲರೂ ತಿದ್ದಿ ತೀಡಿ ಬರೆದಿರುತ್ತಾರೆ. ನಡುವಿನಲ್ಲಿ ಮಾತುಕತೆ ಬರುವ ಜಾಗ ಹುಡುಕಿ, ಮನುಷ್ಯರು ಮಾತಾಡಿದ ಹಾಗಿದೆಯಾ ನೋಡಿ. ಕತೆ ಗೊತ್ತಿಲ್ಲದೆಯೂ ಕೈ ತಾನಾಗಿ ಮುಂದಿನ ಪುಟ ತಿರುಗಿಸಿದರೆ ಬಿಲ್ ಹಾಕಿಸಿ.

ಪ್ರಶಸ್ತಿ ನೋಡಿ ಕೊಳ್ಳಬಹುದಾ ಅಂತಲೂ ಕೇಳುತ್ತಾರೆ. ಕೊಳ್ಳಿ, ಆದರೆ ಪ್ರಶಸ್ತಿ ಬಂದಿದ್ದು ಯಾವುದಕ್ಕೆ ಅಂತ ತಿಳಿದುಕೊಳ್ಳಿ. 2025ರ ಮೇನಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ಪಕ್ಕದ ಮನೆಯವರು "ಆ ಪುಸ್ತಕ ಕನ್ನಡದಲ್ಲಿ ತಂದುಕೊಡಿ" ಅಂದರು. ಬಹುಮಾನ ಬಂದದ್ದು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್'ಗೆ. ಅದರಲ್ಲಿರುವ 12 ಕಥೆಗಳು ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬರೆದ ಕಥೆಗಳಿಂದ ಆಯ್ದವು, ಕನ್ನಡದಲ್ಲಿ ಬೇರೆ ಬೇರೆ ಸಂಕಲನಗಳಲ್ಲಿ ಬಂದಿದ್ದವು. ಪಕ್ಕದ ಮನೆಯವರಿಗೆ ಒಂದು ಕಥೆಯನ್ನು ಮಾತ್ರ ಮೊದಲು ಓದಲು ಕೊಟ್ಟೆ. ಕಥಾಸಂಕಲನದ ಅನುಕೂಲವೇ ಅದು, ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡಬಹುದು.

ಹೊಸ ಲೇಖಕರನ್ನು ಪರೀಕ್ಷೆ ಮಾಡೋಕೆ ಲೈಬ್ರರಿ ಇದೆ. ಆಸ್ತಿ ತೆರಿಗೆಯ ಜೊತೆ ಶೇ. 6 ಗ್ರಂಥಾಲಯ ಕರ ಕಟ್ಟುತ್ತೇವೆ, ಆಮೇಲೆ ಆ ಕಡೆ ತಲೆ ಹಾಕಲ್ಲ! ಅಲ್ಲಿ ಎರವಲು ತಂದು ಓದಿದ್ದರಲ್ಲಿ ವಾಪಸು ಕೊಡಲು ಮನಸ್ಸಾಗದ್ದು ಯಾವುದೋ ಅದನ್ನು ದುಡ್ಡು ಕೊಟ್ಟು ತನ್ನಿ.

ಈ ತಿಂಗಳ ಐನೂರಲ್ಲಿ ಒಂದೇ ಪುಸ್ತಕ ತನ್ನಿ ಸಾಕು. ಉಳಿದ ದುಡ್ಡು ಡಬ್ಬದಲ್ಲೇ ಇರಲಿ. ಕಾಡಿನ ಕಥೆಯಲ್ಲಿ ಹಿಡಿಸಿದ್ದು ಕಾಡೋ, ಧಾಟಿಯೋ ಅಂತ ಬರೆದು ತಿಳಿಸಿ, ಮುಂದಿನದು ಯಾವುದು ಅಂತ ಇಬ್ಬರೂ ಸೇರಿ ನೋಡೋಣ.